302ರಲ್ಲಿ 148 ಕಳೆದರೆ? ಶಾಲೆಯ ಲೆಕ್ಕಗಳ ಒಳಗೆ ನಡೆಯುವುದೇನು

ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆದ ಲೆಕ್ಕ: 302 − 148 = 246. ಪಕ್ಕದಲ್ಲಿ ಕೆಂಪು ಇಂಕಿನ ತಪ್ಪು ಗುರುತು. ನಾಲ್ಕನೇ ಕ್ಲಾಸಿನ ನನ್ನ ಅಣ್ಣನ ಮಗಳು ಅದನ್ನು ನನ್ನ ಮುಂದೆ ಹಿಡಿದು, ‘ಅತ್ತೆ, ಇದು ಹೇಗೆ ತಪ್ಪಾಯ್ತು?’ ಅಂತ ಕೇಳಿದಳು.

ಸರಿಯುತ್ತರ 154 ಅಂತ ನನಗೆ ಗೊತ್ತು. ‘ಎರಡರಲ್ಲಿ ಎಂಟು ಹೋಗಲ್ಲ ಅಲ್ವಾ, ಪಕ್ಕದಿಂದ ಸಾಲ ತಗೋಬೇಕು’ ಎಂದೆ. ‘ಪಕ್ಕದಲ್ಲಿ ಸೊನ್ನೆ ಇದೆ. ಸೊನ್ನೆ ಹತ್ರ ಏನು ಸಾಲ ಸಿಗತ್ತೆ?’ ಎಂದಳು. ನಾನು ಸುಮ್ಮನಾದೆ. ಲೆಕ್ಕ ಮಾಡಿ ತೋರಿಸಲು ನನಗೆ ಬರುತ್ತಿತ್ತು. ಯಾಕೆ ಹಾಗೆ ಮಾಡಬೇಕು ಅಂತ ಹೇಳಲು ಬರುತ್ತಿರಲಿಲ್ಲ.

ಮಕ್ಕಳ ಹೋಂವರ್ಕಿನ ಪಕ್ಕ ಕೂರುವ ಬಹಳಷ್ಟು ದೊಡ್ಡವರ ಪಾಡು ಇದೇ. ನಾವು ಲೆಕ್ಕ ಕಲಿತು ಎಷ್ಟೋ ವರ್ಷವಾಗಿದೆ. ಕೈ ತಾನಾಗಿ ಓಡುತ್ತದೆ, ಬಾಯಿ ತಡವರಿಸುತ್ತದೆ. ಹಾಗಾಗಿ ಕಳೆಯುವ ಲೆಕ್ಕದಿಂದ ಶುರುಮಾಡಿ ಸಮೀಕರಣದವರೆಗೆ, ಮಕ್ಕಳು ಸಾಮಾನ್ಯವಾಗಿ ಎಡವುವ ಕೆಲವು ಲೆಕ್ಕಗಳನ್ನು ಇಲ್ಲಿ ಬಿಡಿಸಿ ನೋಡೋಣ.

ಹಂತ ಅಂದರೆ ಏನು?

ಒಂದೇ ಬಿಂದಿಗೆ ನೀರನ್ನು ಹತ್ತು ಚೊಂಬುಗಳಿಗೆ ಸುರಿದರೂ ನೀರು ಅಷ್ಟೇ. ಚೆಲ್ಲಬಾರದು, ಅಷ್ಟೇ ಷರತ್ತು. ಲೆಕ್ಕದ ಹೆಚ್ಚಿನ ಹಂತಗಳಲ್ಲಿ ನಡೆಯುವುದೂ ಇದೇ. ಮುಂದಿರುವ ಸಂಖ್ಯೆಯ ಬೆಲೆ ಬದಲಾಗದ ಹಾಗೆ, ಅದರ ರೂಪವನ್ನು ಮಾತ್ರ ನಮಗೆ ಅನುಕೂಲವಾಗುವಂತೆ ಬದಲಾಯಿಸುತ್ತೇವೆ. ಸಾಲ ತಗೊಳ್ಳುವುದು, ಛೇದ ಸಮ ಮಾಡುವುದು, ಶೇಕಡಾಕ್ಕೆ ತರುವುದು ಎಲ್ಲವೂ ಈ ಸುರಿಯುವ ಕೆಲಸವೇ.

ಹಾಗಾದರೆ ಪ್ರತಿ ಹಂತಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಏನಾದರೂ ಚೆಲ್ಲಿತಾ?

ಸೊನ್ನೆಯ ಹತ್ತಿರ ಸಾಲ

ಮೊದಲು 246 ಎಲ್ಲಿಂದ ಬಂತು ನೋಡೋಣ. ಮಗು ಬಿಡಿಯ ಸ್ಥಾನದಲ್ಲಿ 2 ಮತ್ತು 8 ನೋಡಿತು. ಎರಡರಲ್ಲಿ ಎಂಟು ಹೋಗುವುದಿಲ್ಲ, ಸರಿ, ಎಂಟರಲ್ಲಿ ಎರಡು ಕಳೆಯೋಣ ಅಂತ 6 ಬರೆಯಿತು. ಹತ್ತರ ಸ್ಥಾನದಲ್ಲೂ ಹಾಗೇ: ಸೊನ್ನೆಯಲ್ಲಿ ನಾಲ್ಕು ಹೋಗಲ್ಲ, ನಾಲ್ಕರಲ್ಲಿ ಸೊನ್ನೆ ಕಳೆದರೆ 4. ನೂರರ ಸ್ಥಾನದಲ್ಲಿ 3 − 1 = 2. ಇದು ಅಜಾಗರೂಕತೆಯ ತಪ್ಪಲ್ಲ. ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು’ ಅಂತ ಎಂದೋ ಕೇಳಿದ ಮಾತನ್ನು ಮಗು ಒಂದೊಂದು ಅಂಕಿಗೂ ಚಾಚೂ ತಪ್ಪದೆ ಪಾಲಿಸಿದೆ. ಇಂಥ ತಪ್ಪಿಗೆ ‘ಸರಿಯಾಗಿ ನೋಡಿ ಮಾಡು’ ಎಂದು ಗದರಿದರೆ ಪ್ರಯೋಜನವಿಲ್ಲ. ಮಗು ಸರಿಯಾಗಿ ನೋಡಿಯೇ ಮಾಡಿದೆ.

ಈಗ 302 ಕಡ್ಡಿಗಳಿವೆ ಅಂದುಕೊಳ್ಳಿ. ನೂರರ ದೊಡ್ಡ ಕಟ್ಟು ಮೂರು, ಬಿಡಿ ಕಡ್ಡಿ ಎರಡು. ಹತ್ತರ ಕಟ್ಟು ಒಂದೂ ಇಲ್ಲ, ಅದಕ್ಕೇ ನಡುವೆ ಸೊನ್ನೆ. ಇದರಿಂದ 148 ಕಡ್ಡಿ ತೆಗೆಯಬೇಕು. ಬಿಡಿ ಕಡ್ಡಿ ಎಂಟು ಬೇಕು, ಇರುವುದು ಎರಡೇ. ಬಿಚ್ಚೋಣ ಎಂದರೆ ಹತ್ತರ ಕಟ್ಟೂ ಇಲ್ಲ. ಹಾಗಾಗಿ ಒಂದು ನೂರರ ಕಟ್ಟನ್ನು ಬಿಚ್ಚಬೇಕು. ಅದರೊಳಗೆ ಹತ್ತರ ಹತ್ತು ಕಟ್ಟುಗಳಿರುತ್ತವೆ. ಈಗ ನಮ್ಮಲ್ಲಿರುವುದು 2 ನೂರು, 10 ಹತ್ತು, 2 ಬಿಡಿ. ಆ ಹತ್ತರ ಕಟ್ಟುಗಳಲ್ಲಿ ಒಂದನ್ನು ಬಿಚ್ಚಿದರೆ 2 ನೂರು, 9 ಹತ್ತು, 12 ಬಿಡಿ.

ಕೂಡಿ ನೋಡಿ: 200 + 90 + 12 = 302. ಒಂದು ಕಡ್ಡಿಯೂ ಎಲ್ಲೂ ಹೋಗಿಲ್ಲ. ಇನ್ನು ಕಳೆಯುವುದು ಸುಲಭ. 12ರಲ್ಲಿ 8 ಹೋದರೆ 4, 9ರಲ್ಲಿ 4 ಹೋದರೆ 5, 2ರಲ್ಲಿ 1 ಹೋದರೆ 1. ಉತ್ತರ 154.

ನಿಜ ಹೇಳಬೇಕೆಂದರೆ ‘ಸಾಲ’ ಎಂಬ ಮಾತೇ ದಾರಿ ತಪ್ಪಿಸುತ್ತದೆ. ಸಾಲ ಅಂದರೆ ವಾಪಸ್ ಕೊಡಬೇಕು. ಇಲ್ಲಿ ಯಾರೂ ಯಾರಿಗೂ ಏನೂ ಕೊಡುತ್ತಿಲ್ಲ, ಕಟ್ಟು ಬಿಚ್ಚುತ್ತಿದ್ದೇವೆ ಅಷ್ಟೇ. ಇನ್ನೊಂದು ಚುರುಕಾದ ದಾರಿಯೂ ಇದೆ. 302 ಅಂದರೆ 30 ಹತ್ತು ಮತ್ತು 2 ಬಿಡಿ ಎಂದೂ ಓದಬಹುದು. ಆ 30 ಹತ್ತುಗಳಲ್ಲಿ ಒಂದನ್ನು ಬಿಚ್ಚಿದರೆ 29 ಹತ್ತು, 12 ಬಿಡಿ. 30ನ್ನು ಹೊಡೆದು ಹಾಕಿ 29 ಬರೆದರೆ ಆಯಿತು. ಸೊನ್ನೆಯ ಗೋಜೇ ಇಲ್ಲ.

ಕಟ್ಟು ಬಿಚ್ಚುವುದೇ ಬೇಡ ಎನ್ನುವವರಿಗೆ ಮೂರನೇ ದಾರಿ: ಎರಡೂ ಸಂಖ್ಯೆಗಳಿಗೆ 2 ಸೇರಿಸಿ. 304 − 150. ಇದನ್ನು ಬಾಯಲ್ಲೇ ಹೇಳಬಹುದು, 154. ಇಬ್ಬರ ವಯಸ್ಸಿನ ಅಂತರ ಎರಡು ವರ್ಷ ಕಳೆದ ಮೇಲೂ ಅಷ್ಟೇ ಇರುತ್ತದಲ್ಲ, ಹಾಗೆ.

ದಶಮಾಂಶಕ್ಕೂ ಇದೇ ಸ್ಥಾನದ ಬುದ್ಧಿ ಸಾಕು. 0.45 ಮತ್ತು 0.6ರಲ್ಲಿ ಯಾವುದು ದೊಡ್ಡದು ಎಂದರೆ ಮಕ್ಕಳು 0.45 ಅನ್ನುತ್ತಾರೆ, 45 ದೊಡ್ಡದು ಅಂತ. 0.6ನ್ನು 0.60 ಅಂತ ಬರೆದು ತೋರಿಸಿ. ಬೆಲೆ ಅದೇ, ರೂಪ ಬೇರೆ. ಈಗ 60ಕ್ಕೂ 45ಕ್ಕೂ ಹೋಲಿಕೆ, ಜಗಳ ಮುಗಿಯಿತು.

ಎರಡನೇ ಸಾಲು ಯಾಕೆ ಎಡಕ್ಕೆ ಸರಿಯುತ್ತದೆ?

23 × 14 ಮಾಡುವಾಗ ಮೊದಲು 23ನ್ನು 4ರಿಂದ ಗುಣಿಸಿ 92 ಬರೆಯುತ್ತೇವೆ. ಎರಡನೇ ಸಾಲಿನಲ್ಲಿ ಬಿಡಿಯ ಜಾಗದಲ್ಲಿ ಒಂದು ಗುಣಿಸು ಗುರುತು ಹಾಕಿ, ಎಡಕ್ಕೆ ಸರಿದು 23 ಬರೆಯುತ್ತೇವೆ. ಆ ಗುರುತು ಯಾಕೆ ಅಂತ ನನ್ನನ್ನು ಚಿಕ್ಕಂದಿನಲ್ಲಿ ಯಾರಾದರೂ ಕೇಳಿದ್ದರೆ ‘ಹಾಕ್ಬೇಕು, ಅದಕ್ಕೆ’ ಅನ್ನುತ್ತಿದ್ದೆ.

14ರಲ್ಲಿರುವ 1 ಒಂದಲ್ಲ, ಹತ್ತು. ಆದ್ದರಿಂದ ಎರಡನೇ ಸಾಲಿನಲ್ಲಿ ನಿಜಕ್ಕೂ ಇರುವುದು 23 × 10, ಅಂದರೆ 230. ಆ ಗುರುತು ಸೊನ್ನೆಯ ಜಾಗ ಕಾಯುತ್ತಿದೆ. 92 + 230 = 322. ಗುರುತಿನ ಬದಲು ಸೊನ್ನೆಯನ್ನೇ ಬರೆಯುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಆಗ ಸಾಲು ತನ್ನ ಬೆಲೆಯನ್ನು ತಾನೇ ಹೇಳುತ್ತದೆ.

ಭಾಗಾಕಾರದಲ್ಲಿ ಕಾಣೆಯಾಗುವ ಸೊನ್ನೆಯ ಕಥೆಯೂ ಇದೇ. 824 ÷ 4ಕ್ಕೆ 26 ಅಂತ ಬರೆಯುವ ಮಕ್ಕಳು ಬಹಳ. 8 ನೂರನ್ನು ನಾಲ್ವರಿಗೆ ಹಂಚಿದರೆ ತಲಾ 2 ನೂರು. 2 ಹತ್ತನ್ನು ನಾಲ್ವರಿಗೆ ಹಂಚಲು ಹೋದರೆ ಯಾರಿಗೂ ಒಂದೂ ಇಡಿಯಾಗಿ ಬರುವುದಿಲ್ಲ, ತಲಾ 0 ಹತ್ತು. ಈ ಸೊನ್ನೆಯನ್ನು ಭಾಗಲಬ್ಧದಲ್ಲಿ ಬರೆಯಲೇಬೇಕು. ಆ 2 ಹತ್ತುಗಳನ್ನು ಬಿಚ್ಚಿ ಬಿಡಿ ಮಾಡಿ, ಇರುವ 4ರ ಜೊತೆ ಸೇರಿಸಿದರೆ 24 ಬಿಡಿ, ತಲಾ 6. ಉತ್ತರ 206. ಸೊನ್ನೆ ಬಿಟ್ಟರೆ ನೂರರ ಜಾಗದಲ್ಲಿದ್ದ 2 ಜಾರಿ ಹತ್ತರ ಜಾಗಕ್ಕೆ ಬಂದು ಬೀಳುತ್ತದೆ. 26 × 4 ಅಂದರೆ 104 ಅಷ್ಟೇ. ಉಳಿದದ್ದೆಲ್ಲ ಚೆಲ್ಲಿಹೋಯಿತು.

ಶೇಷ ಉಳಿದಾಗ ಏನು ಮಾಡಬೇಕು ಎನ್ನುವುದನ್ನು ಭಾಗಾಕಾರ ಹೇಳುವುದಿಲ್ಲ, ಪ್ರಶ್ನೆ ಹೇಳುತ್ತದೆ. 130 ÷ 40 ಮಾಡಿದರೆ ಭಾಗಲಬ್ಧ 3, ಶೇಷ 10. 130 ಮಕ್ಕಳು ಬಸ್ಸಿನಲ್ಲಿ ಹೋಗಬೇಕು, ಒಂದು ಬಸ್ಸಿಗೆ 40 ಸೀಟು ಎಂದಾದರೆ ಉತ್ತರ 4 ಬಸ್ಸು. ಹತ್ತು ಮಕ್ಕಳನ್ನು ಬಿಟ್ಟು ಹೋಗಲಾಗುತ್ತದೆಯೇ? 130 ಮೀಟರ್ ಹಗ್ಗದಲ್ಲಿ 40 ಮೀಟರಿನ ಎಷ್ಟು ತುಂಡು ಸಿಗುತ್ತವೆ ಎಂದರೆ ಉತ್ತರ 3.

ಆ ಎರಡು ಗೆರೆಗಳ ಅರ್ಥ

ಸಮ ಚಿಹ್ನೆಯನ್ನು ಮೊದಲು ಅಚ್ಚಿನಲ್ಲಿ ಬಳಸಿದವನು ವೇಲ್ಸ್‌ನ ರಾಬರ್ಟ್ ರೆಕಾರ್ಡ್, 1557ರಲ್ಲಿ. ‘ಸಮವಾಗಿದೆ’ ಅಂತ ಪದೇ ಪದೇ ಬರೆದು ಬೇಸತ್ತು ಎರಡು ಸಮಾನಾಂತರ ಗೆರೆ ಎಳೆದ. ಅವಕ್ಕಿಂತ ಸಮವಾದ ಇನ್ನೆರಡು ವಸ್ತುಗಳಿಲ್ಲ ಎನ್ನುವುದು ಅವನು ಕೊಟ್ಟ ಕಾರಣ.

ಆದರೆ ಮಕ್ಕಳಿಗೆ ಆ ಚಿಹ್ನೆ ‘ಉತ್ತರ ಇಲ್ಲಿ ಬರಿ’ ಎಂಬ ಬಾಣದಂತೆ ಕಾಣುತ್ತದೆ. 8ಕ್ಕೆ 4 ಕೂಡಿ, ಬಂದದ್ದನ್ನು 3ರಿಂದ ಗುಣಿಸು ಎಂದರೆ ಹೀಗೆ ಬರೆಯುತ್ತಾರೆ: 8 + 4 = 12 × 3 = 36. ಉತ್ತರವೇನೋ ಸರಿ. ಆದರೆ ಆ ಸಾಲನ್ನು ಇದ್ದ ಹಾಗೇ ಓದಿದರೆ 8 + 4 ಅನ್ನುವುದು 36ಕ್ಕೆ ಸಮ ಎಂದಾಗುತ್ತದೆ! ಎರಡು ಸಾಲಾಗಿ ಬರೆಯುವ ಅಭ್ಯಾಸ ಮಾಡಿಸಿ: 8 + 4 = 12. ಕೆಳಗೆ 12 × 3 = 36. ಈ ಅಭ್ಯಾಸ ನಾಲ್ಕನೇ ಕ್ಲಾಸಿನಲ್ಲಿ ಸುಮ್ನೆ ಶಿಸ್ತಿನಂತೆ ಕಾಣುತ್ತದೆ. ಸಮೀಕರಣಕ್ಕೆ ಬಂದಾಗ ಅದರ ಬೆಲೆ ತಿಳಿಯುತ್ತದೆ.

ಇದೇ ಹೊತ್ತಿಗೆ ಬೋಡ್ಮಾಸ್ ಬಗ್ಗೆ, ಅಂದರೆ ಒಂದೇ ಸಾಲಿನಲ್ಲಿ ಕೂಡುವುದು, ಗುಣಿಸುವುದು ಎಲ್ಲ ಇದ್ದಾಗ ಯಾವುದನ್ನು ಮೊದಲು ಮಾಡಬೇಕು ಎಂಬ ನಿಯಮದ ಬಗ್ಗೆ, ಎರಡು ಮಾತು. 6 + 4 × 5 ಅಂದರೆ 26, 50 ಅಲ್ಲ. ಆರು ಬಿಡಿ ಪೆನ್ನು, ಜೊತೆಗೆ ಐದೈದು ಪೆನ್ನಿನ ನಾಲ್ಕು ಪ್ಯಾಕೆಟ್ಟು ಅಂದುಕೊಂಡರೆ ಗುಣಾಕಾರ ಮೊದಲು ಯಾಕೆ ಎನ್ನುವುದು ತಿಳಿಯುತ್ತದೆ. ಇನ್ನು 24 − 8 + 3. ಬೋಡ್ಮಾಸ್‌ನಲ್ಲಿ ಕೂಡುವುದು ಮೊದಲು ಬರುತ್ತದೆ ಅಂತ 8 + 3 ಮಾಡಿ, 24ರಲ್ಲಿ 11 ಕಳೆದು 13 ಬರೆದರೆ ತಪ್ಪು. ಕೂಡುವುದು, ಕಳೆಯುವುದು ಎರಡಕ್ಕೂ ಒಂದೇ ದರ್ಜೆ, ಎಡದಿಂದ ಬಲಕ್ಕೆ ಮಾಡುತ್ತಾ ಹೋಗಬೇಕು. ಉತ್ತರ 19. ಗುಣಾಕಾರ, ಭಾಗಾಕಾರಗಳ ನಡುವೆಯೂ ಹಾಗೇ.

ಅರ್ಧಕ್ಕೆ ಕೂಡಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತಾ?

1/2 + 1/3 = 2/5. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದರೆ ಬರುವ ಉತ್ತರ ಇದು. ತಪ್ಪು ಅಂತ ಹೇಳುವ ಮೊದಲು ಮಗುವಿಗೆ ಒಂದು ಪ್ರಶ್ನೆ ಕೇಳಿ. 2/5 ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ? ಐದರಲ್ಲಿ ಎರಡು, ಅರ್ಧ ಆಗಬೇಕಿದ್ದರೆ ಎರಡೂವರೆ ಬೇಕಿತ್ತು. ಅಂದರೆ ಕಡಿಮೆ. ಅರ್ಧಕ್ಕೆ ಇನ್ನಷ್ಟು ಕೂಡಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಯಿತೇ? ಈ ಪ್ರಶ್ನೆ ಕೇಳಿದಾಗ ನಮ್ಮ ಹುಡುಗಿ ಪೆನ್ಸಿಲ್ ಕಚ್ಚಿಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ತಾನೇ ರಬ್ಬರ್ ತಗೊಂಡಳು.

12 ಸೆಂ.ಮೀ. ಉದ್ದದ ಒಂದು ಕಾಗದದ ಪಟ್ಟಿ ಕತ್ತರಿಸಿಕೊಳ್ಳಿ. ಅದರ ಅರ್ಧ 6 ಸೆಂ.ಮೀ. ಮೂರನೇ ಒಂದು ಭಾಗ 4 ಸೆಂ.ಮೀ. ಎರಡೂ ಸೇರಿದರೆ 10 ಸೆಂ.ಮೀ. ಅಂದರೆ 12ರಲ್ಲಿ 10, ಅದನ್ನು ಚಿಕ್ಕದಾಗಿ ಬರೆದರೆ 5/6. ಸ್ಕೇಲು ಇಟ್ಟು ಅಳೆದ ಮೇಲೆ ಯಾವ ಮಗುವೂ 2/5 ಅನ್ನುವುದಿಲ್ಲ.

ಇಲ್ಲಿ ಹೆಸರುಗಳ ಅರ್ಥ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಭಿನ್ನರಾಶಿಯ ಕೆಳಗಿನ ಸಂಖ್ಯೆ ಛೇದ. ಛೇದ ಅಂದರೆ ಕತ್ತರಿಸುವುದು. ಇಡಿಯನ್ನು ಎಷ್ಟು ತುಂಡು ಮಾಡಿದೆವು ಅಂತ ಅದು ಹೇಳುತ್ತದೆ. ಮೇಲಿನದು ಅಂಶ, ಅಂಥ ಎಷ್ಟು ತುಂಡು ನಮ್ಮಲ್ಲಿವೆ ಎನ್ನುವುದು. ಛೇದ ಬೇರೆ ಬೇರೆ ಇದ್ದರೆ ತುಂಡುಗಳ ಗಾತ್ರವೇ ಬೇರೆ. ಒಂದು ಅಡಿಗೂ ಒಂದು ಮೀಟರಿಗೂ ಕೂಡಿ ‘ಎರಡು’ ಎಂದರೆ ಎರಡು ಏನು? ಆದ್ದರಿಂದ ಮೊದಲು ತುಂಡುಗಳನ್ನು ಒಂದೇ ಅಳತೆಗೆ ತರಬೇಕು. 1/2 ಅಂದರೆ 3/6. 1/3 ಅಂದರೆ 2/6. ಮೂರೂ ಎರಡೂ ಐದು, 5/6. ಛೇದವನ್ನು ಕೂಡುವುದಿಲ್ಲ, ಯಾಕೆಂದರೆ ಅದು ತುಂಡಿನ ಅಳತೆ, ತುಂಡಿನ ಲೆಕ್ಕವಲ್ಲ.

ಆ 6 ಎಲ್ಲಿಂದ ಬಂತು? 2ರ ಮಗ್ಗಿಯಲ್ಲೂ 3ರ ಮಗ್ಗಿಯಲ್ಲೂ ಬರುವ ಸಂಖ್ಯೆಗಳಲ್ಲಿ ಅದೇ ಅತಿ ಚಿಕ್ಕದು. ಇದಕ್ಕೇ ಲಘುತಮ ಸಾಮಾನ್ಯ ಅಪವರ್ತ್ಯ, ಲ.ಸಾ.ಅ. ಎಂಬ ಉದ್ದನೆಯ ಹೆಸರು. 3/4 + 1/6 ಆದರೆ 4ರ ಮಗ್ಗಿ ಹೇಳುತ್ತಾ ಹೋಗಿ: 4, 8, 12. 6ರ ಮಗ್ಗಿಯಲ್ಲೂ 12 ಇದೆ. 9/12 + 2/12 = 11/12. 24 ತಗೊಂಡರೂ ತಪ್ಪೇನಿಲ್ಲ, 22/24 ಬರುತ್ತದೆ, ಆಮೇಲೆ ಅದನ್ನು ಚಿಕ್ಕದು ಮಾಡಬೇಕು. ಲ.ಸಾ.ಅ. ಕೆಲಸ ಉಳಿಸುವ ಉಪಾಯ, ಅಷ್ಟೇ. ಈ ಉಪಾಯ ಹಳೆಯದು. ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕೆ ‘ನಿರುದ್ಧ’ ಎಂಬ ಹೆಸರಿದೆ.

ಭಿನ್ನರಾಶಿಯನ್ನು ಭಾಗಿಸುವಾಗ ತಿರುಗಿಸಿ ಗುಣಿಸಬೇಕು ಎಂಬ ನಿಯಮವೂ ಅದೇ ಪುಸ್ತಕದಲ್ಲಿದೆ. ಯಾಕೆ ತಿರುಗಿಸಬೇಕು? 3/4 ÷ 1/8 ಅಂದರೆ, ಮುಕ್ಕಾಲಿನಲ್ಲಿ ಎಂಟನೇ ಒಂದರ ತುಂಡುಗಳು ಎಷ್ಟಿವೆ ಎಂಬ ಪ್ರಶ್ನೆ. ಇಡೀ ಒಂದರಲ್ಲಿ ಅಂಥವು 8 ಇವೆ. ಮುಕ್ಕಾಲಿನಲ್ಲಿ ಆ ಎಂಟರ ಮುಕ್ಕಾಲು, ಅಂದರೆ 6. ನೋಡಿ, 1/8ರಿಂದ ಭಾಗಿಸಲು ಹೊರಟು 8ರಿಂದ ಗುಣಿಸಿದೆವು. ಭಾಗಿಸಿದ ಮೇಲೆ ಉತ್ತರ ದೊಡ್ಡದಾಯಿತು ಅಂತ ಗಾಬರಿ ಬೇಡ. ತುಂಡು ಚಿಕ್ಕದಾದಷ್ಟೂ ಹೆಚ್ಚು ತುಂಡು ಸಿಗುತ್ತವೆ.

ಶೇಕಡಾ: ಯಾವುದರ ಶೇಕಡಾ?

ಶೇಕಡಾ ಎನ್ನುವುದು ಛೇದ 100 ಇರುವ ಭಿನ್ನರಾಶಿ. 45 ಅಂಕಕ್ಕೆ 36 ಬಂದಿದೆ ಅಂದರೆ 36/45. ಎರಡನ್ನೂ 9ರಿಂದ ಭಾಗಿಸಿದರೆ 4/5. ಎರಡನ್ನೂ 20ರಿಂದ ಗುಣಿಸಿದರೆ 80/100. ಶೇಕಡಾ 80. ಮತ್ತೆ ಅದೇ ಕಥೆ, ಬೆಲೆ ಹಾಗೇ ಇದೆ, ಪಾತ್ರೆ ಬದಲಾಯಿತು.

ಎಡವುವುದು ಇನ್ನೊಂದು ಕಡೆ. 50 ಸೆಂ.ಮೀ. ಅಗಲದ ಚಿತ್ರವನ್ನು ಶೇಕಡಾ 20 ದೊಡ್ಡದು ಮಾಡಿದಿರಿ. ಆಮೇಲೆ ಶೇಕಡಾ 20 ಚಿಕ್ಕದು ಮಾಡಿದಿರಿ. ಮತ್ತೆ 50ಕ್ಕೆ ಬಂತಾ? ಬರಲಿಲ್ಲ. 50ರ ಶೇಕಡಾ 20 ಅಂದರೆ 10, ಚಿತ್ರ 60 ಆಯಿತು. ಈಗ ಕಡಿಮೆ ಮಾಡುವುದು 60ರ ಶೇಕಡಾ 20, ಅಂದರೆ 12. ಉಳಿದದ್ದು 48. ಶೇಕಡಾ ಒಂದೇ ಇದ್ದರೂ ಅದು ಯಾವುದರ ಶೇಕಡಾ ಎನ್ನುವುದು ಬದಲಾಗಿದೆ. ದೊಡ್ಡವರೂ ಇಲ್ಲಿ ಜಾರುತ್ತಾರೆ.

ಪಕ್ಷಾಂತರ ಮತ್ತು ತಕ್ಕಡಿ

ಒಂದು ಸಂಖ್ಯೆಯನ್ನು ಮೂರರಿಂದ ಗುಣಿಸಿ 5 ಕೂಡಿದರೆ 26. ಆ ಸಂಖ್ಯೆ ಯಾವುದು? ಶಾಲೆಯಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಅನ್ನುತ್ತಾರೆ. ನಾವು ‘ಅ’ ಅನ್ನೋಣ.

3 × ಅ + 5 = 26

ಇದೊಂದು ತಕ್ಕಡಿ. ಸಮ ಚಿಹ್ನೆಯೇ ಅದರ ಮುಳ್ಳು. ಎಡತಟ್ಟೆಯಲ್ಲಿ ಒಂದೇ ತೂಕದ ಮೂರು ಮುಚ್ಚಿದ ಡಬ್ಬಿಗಳು ಮತ್ತು 5 ಬಿಡಿ ಬೊಟ್ಟುಗಳು. ಬಲತಟ್ಟೆಯಲ್ಲಿ 26 ಬೊಟ್ಟುಗಳು. ಎರಡೂ ಕಡೆಯಿಂದ ಐದೈದು ಬೊಟ್ಟು ತೆಗೆದರೆ ಮುಳ್ಳು ಅಲ್ಲಾಡುವುದಿಲ್ಲ: 3 × ಅ = 21. ಎರಡೂ ಕಡೆ ಮೂರನೇ ಒಂದು ಪಾಲು ಉಳಿಸಿಕೊಂಡರೆ ಆಗಲೂ ಅಲ್ಲಾಡುವುದಿಲ್ಲ: ಅ = 7. ಸರಿಯಾ ಅಂತ ನೋಡಲು 7ನ್ನು ವಾಪಸ್ ಹಾಕಿ: 21 + 5 = 26.

ಹಿಂದಿನ ಲೆಕ್ಕಗಳಿಗೂ ಇದಕ್ಕೂ ಇರುವ ಒಂದು ವ್ಯತ್ಯಾಸ ಗಮನಿಸಬೇಕು. ಇಲ್ಲಿ ತಟ್ಟೆಗಳ ತೂಕ ಬದಲಾಗುತ್ತದೆ, 26 ಇದ್ದದ್ದು 21 ಆಯಿತು. ಬದಲಾಗದೆ ಉಳಿಯುವುದು ಎರಡರ ಸಮತೋಲ. ಒಂದು ಕಡೆ ಮಾಡಿದ್ದನ್ನೇ ಇನ್ನೊಂದು ಕಡೆಯೂ ಮಾಡಬೇಕು ಎನ್ನುವುದು ಇದಕ್ಕೇ.

ಶಾಲೆಯಲ್ಲಿ ಇದನ್ನು ‘ಪಕ್ಷಾಂತರ’ ಅನ್ನುತ್ತಾರೆ. ಪಕ್ಷ ಬದಲಾದರೆ ಚಿಹ್ನೆ ಬದಲಾಗುತ್ತದೆ ಅಂತ ಬಾಯಿಪಾಠ. ರಾಜಕೀಯದಲ್ಲೂ ಹಾಗೇ ಅಲ್ವಾ, ಅದಕ್ಕೇ ನಮಗೆಲ್ಲ ಮರೆತಿಲ್ಲ. ಆದರೆ ಈ ಬಾಯಿಪಾಠದಲ್ಲಿ ಅಪಾಯವಿದೆ. +5 ಆಚೆ ಹೋಗಿ −5 ಆಯಿತಲ್ಲ, ಹಾಗೇ 3 ಕೂಡ ಆಚೆ ಹೋಗಿ −3 ಆಗಲಿ ಅಂತ 21 − 3 = 18 ಬರೆಯುವ ಮಕ್ಕಳಿದ್ದಾರೆ. ನಿಜಕ್ಕೂ 5 ಎಲ್ಲಿಗೂ ಹಾರಿ ಹೋಗಿಲ್ಲ. ಎರಡೂ ಕಡೆ 5 ಕಳೆದೆವು, ಎಡಗಡೆ ಅದು ಸೊನ್ನೆಯಾಗಿ ಕಾಣೆಯಾಯಿತು. 3 ಗುಣಿಸಿಕೊಂಡು ಕೂತಿದೆ, ಅದನ್ನು ಬಿಡಿಸಲು ಭಾಗಿಸಬೇಕು, ಕಳೆಯುವುದಲ್ಲ. ಬಾಯಿಪಾಠಕ್ಕಿಂತ ತಕ್ಕಡಿ ವಾಸಿ.

ಎಷ್ಟೋ ಲೆಕ್ಕಕ್ಕೆ ‘ಅ’ ಕೂಡ ಬೇಡ. ತಾಯಿಯ ವಯಸ್ಸು ಮಗಳ ವಯಸ್ಸಿನ 4 ಪಟ್ಟು, ಇಬ್ಬರದ್ದೂ ಸೇರಿ 45 ಎಂದರೆ, ಮಗಳಿಗೆ ಒಂದು ಚೌಕ, ತಾಯಿಗೆ ಅಂಥ ನಾಲ್ಕು ಚೌಕ ಎಳೆಯಿರಿ. ಐದು ಚೌಕ ಸೇರಿ 45, ಒಂದು ಚೌಕ 9. ಮಗಳಿಗೆ 9, ತಾಯಿಗೆ 36.

ಮಾತಿನ ಲೆಕ್ಕ

‘ರವಿಯ ಹತ್ತಿರ 24 ಪುಸ್ತಕಗಳಿವೆ. ಇವು ಲತಾಳ ಹತ್ತಿರ ಇರುವುದಕ್ಕಿಂತ 7 ಜಾಸ್ತಿ. ಲತಾಳ ಹತ್ತಿರ ಎಷ್ಟಿವೆ?’ ಬಹಳ ಮಕ್ಕಳು 31 ಅನ್ನುತ್ತಾರೆ. ‘ಜಾಸ್ತಿ’ ಎಂಬ ಪದ ಕಂಡಿತು, ಕೂಡಿದರು. ‘ಒಟ್ಟು, ಜಾಸ್ತಿ ಅಂದರೆ ಕೂಡು, ಉಳಿದದ್ದು, ಕಡಿಮೆ ಅಂದರೆ ಕಳೆ’ ಎಂದು ಹೇಳಿಕೊಡುವವರಿದ್ದಾರೆ. ಸುಲಭದ ಲೆಕ್ಕಕ್ಕೆ ಅದು ನಡೆಯುತ್ತದೆ, ಇಂಥ ಕಡೆ ಕೈ ಕೊಡುತ್ತದೆ. ಇಲ್ಲಿ ಜಾಸ್ತಿ ಇರುವುದು ರವಿಯ ಹತ್ತಿರ. ಲತಾಳದ್ದು ಕಡಿಮೆ, 17.

ಪೆನ್ಸಿಲ್ ಹಿಡಿಯುವ ಮೊದಲು ಲೆಕ್ಕವನ್ನು ಕಥೆಯ ಹಾಗೆ ಮಗುವಿನ ಬಾಯಲ್ಲೇ ಹೇಳಿಸಿ. ‘ಯಾರ ಹತ್ರ ಜಾಸ್ತಿ ಇದೆ?’ ಅಂತ ಕೇಳಿದರೆ ಸಾಕು, ಅರ್ಧಕ್ಕರ್ಧ ತಪ್ಪು ಅಲ್ಲೇ ನಿಲ್ಲುತ್ತದೆ. ಒಂದು ಉದ್ದ ಗೆರೆ, ಒಂದು ಗಿಡ್ಡ ಗೆರೆ ಎಳೆದು ಹೆಸರು ಬರೆದರೆ ಇನ್ನೂ ಒಳ್ಳೆಯದು.

ಪ್ರಮಾಣದ ಲೆಕ್ಕಗಳಲ್ಲಿ ಈ ಕಥೆ ಓದುವ ಅಭ್ಯಾಸ ಇನ್ನೂ ಬೇಕು. ನಲ್ಲಿಯಿಂದ 4 ನಿಮಿಷಕ್ಕೆ 18 ಲೀಟರ್ ನೀರು ಬಂದರೆ 10 ನಿಮಿಷಕ್ಕೆ ಎಷ್ಟು? ಮೊದಲು ಒಂದು ನಿಮಿಷಕ್ಕೆ: 18 ÷ 4 = 4.5 ಲೀಟರ್. ಹತ್ತು ನಿಮಿಷಕ್ಕೆ 45 ಲೀಟರ್. ‘ಒಂದಕ್ಕೆ ಎಷ್ಟು’ ಅಂತ ಮೊದಲು ಕಂಡುಕೊಳ್ಳುವುದೇ ಇದರ ಗುಟ್ಟು.

ಆರು ಜನ ಒಂದು ಕೆಲಸವನ್ನು 10 ದಿನದಲ್ಲಿ ಮುಗಿಸಿದರೆ 15 ಜನ ಎಷ್ಟು ದಿನದಲ್ಲಿ ಮುಗಿಸುತ್ತಾರೆ? ಇಲ್ಲೂ ಒಂದಕ್ಕೆ ಬನ್ನಿ. ಒಬ್ಬನೇ ಮಾಡಿದರೆ ಆರು ಜನರ ಹತ್ತು ದಿನದ ದುಡಿಮೆ ಅವನ ತಲೆ ಮೇಲೆ, 60 ದಿನ. 15 ಜನ ಹಂಚಿಕೊಂಡರೆ 4 ದಿನ. ಜನ ಹೆಚ್ಚಿದರೆ ದಿನ ಕಡಿಮೆಯಾಗಬೇಕು, ಆಗಿದೆ.

ಇನ್ನೊಂದು: ಮೂರು ಬೆಡ್‌ಶೀಟ್ ಬಿಸಿಲಿನಲ್ಲಿ 2 ಗಂಟೆಗೆ ಒಣಗಿದರೆ, ಒಟ್ಟಿಗೇ ಹರವಿದ ಒಂಬತ್ತು ಬೆಡ್‌ಶೀಟ್ ಒಣಗಲು ಎಷ್ಟು ಹೊತ್ತು? ‘ಆರು ಗಂಟೆ’ ಅಂತ ಥಟ್ಟನೆ ಹೇಳುವವರಲ್ಲಿ ಡಿಗ್ರಿ ಮುಗಿಸಿದವರೂ ಇರುತ್ತಾರೆ. ಜಾಗ ಇದ್ದರೆ ಅದೇ 2 ಗಂಟೆ.

ಉತ್ತರ ಬಂದ ಮೇಲೆ

ಉತ್ತರ ಬಂದ ತಕ್ಷಣ ಪುಟ ತಿರುಗಿಸುವುದು ಎಲ್ಲ ಮಕ್ಕಳ ಅಭ್ಯಾಸ. ಅರ್ಧ ನಿಮಿಷ ತಡೆಯಿರಿ. 49 × 21 ಅಂದರೆ ಹತ್ತಿರ ಹತ್ತಿರ 50 × 20, ಅಂದರೆ ಸಾವಿರದ ಆಸುಪಾಸು. ಉತ್ತರ 1029 ಬಂದರೆ ನಂಬಬಹುದು. 147 ಬಂದರೆ ಎರಡನೇ ಸಾಲು ಎಡಕ್ಕೆ ಸರಿದಿಲ್ಲ ಅಂತ ಲೆಕ್ಕ ನೋಡದೆಯೇ ಹೇಳಬಹುದು. ಕಳೆದದ್ದನ್ನು ಕೂಡಿ ನೋಡಿ: 246 + 148 ಮಾಡಿದರೆ 394 ಬರುತ್ತದೆ, 302 ಅಲ್ಲ. ಅಂದು ಕೆಂಪು ಗುರುತು ಬೀಳುವ ಮೊದಲೇ ಆ ತಪ್ಪು ಸಿಗುತ್ತಿತ್ತು. ಗಂಟೆಯ ಲೆಕ್ಕದಲ್ಲಿ 2.25 ಬಂದರೆ ಅದು 2 ಗಂಟೆ 25 ನಿಮಿಷ ಅಲ್ಲ, ಎರಡೂಕಾಲು ಗಂಟೆ, 2 ಗಂಟೆ 15 ನಿಮಿಷ.

ನಮ್ಮ ಹುಡುಗಿಯ ಅಣ್ಣ ಏಳನೇ ಕ್ಲಾಸು. ಅವನಿಗೆ ಕೊಟ್ಟಿದ್ದ ಲೆಕ್ಕ ಇದು: ಒಂದು ನಲ್ಲಿ ತೊಟ್ಟಿಯನ್ನು 3 ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು 6 ಗಂಟೆಯಲ್ಲಿ. ಎರಡನ್ನೂ ಬಿಟ್ಟರೆ? ಅವನು 9 ಅಂತ ಬರೆದಿದ್ದ. ಆಮೇಲೆ ಹೊಡೆದು ಹಾಕಿ, ಸರಾಸರಿ ಅಂತ 4.5 ಬರೆದಿದ್ದ. ಪಕ್ಕದಲ್ಲಿ ಕೂತಿದ್ದ ತಂಗಿ ಇಣುಕಿ ನೋಡಿ, ‘ಒಂದೇ ನಲ್ಲಿ ಮೂರು ಗಂಟೇಲಿ ತುಂಬ್ಸತ್ತೆ ಅಂದ್ಮೇಲೆ, ಇನ್ನೊಂದು ನಲ್ಲಿ ಬಿಟ್ರೆ ಜಾಸ್ತಿ ಹೊತ್ತು ಯಾಕಾಗತ್ತೆ?’ ಎಂದಳು.

ಅವನು ಸಿಟ್ಟಿನಿಂದ ನೋಟ್‌ಬುಕ್ ಆ ಕಡೆ ತಿರುಗಿಸಿಕೊಂಡ. ಒಂದು ಗಂಟೆಯಲ್ಲಿ ಮೊದಲ ನಲ್ಲಿಯಿಂದ ತೊಟ್ಟಿಯ 1/3, ಎರಡನೆಯದರಿಂದ 1/6. ಛೇದ ಸಮ ಮಾಡಿದರೆ 2/6 + 1/6 = 3/6. ಒಂದು ಗಂಟೆಗೆ ಅರ್ಧ ತೊಟ್ಟಿ. ಕೊನೆಗೆ ಅವನು 2 ಗಂಟೆ ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದ.